ಬಿಲ್ಲಿ ಮರವೂ ಕರಿ ಮುಸುವವೂ: ಅವಲಾಂಚಿನ ಒಂದು ಹೋಲಿಕೆ

ಮರವನ್ನು ಮರದೊಡನೆ, ಪ್ರಾಣಿಯನ್ನು ಪ್ರಾಣಿಯೊಡನೆ ಹೋಲಿಸುವುದು ಶಾಸ್ತ್ರದ ರೂಢಿ. ಮರವನ್ನು ಕೋತಿಯೊಡನೆ ಹೋಲಿಸಹೊರಟರೆ ವಾಚಕರು ನಕ್ಕಾರು. ನಾವೂ ಮೊದಲು ನಕ್ಕವರೇ. ಆದರೆ ಈ ಹೋಲಿಕೆ ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಪ್ರಶ್ನೆಯಿಂದ ಹುಟ್ಟಿದ್ದು.

ಕೆಲವು ವರ್ಷಗಳ ಹಿಂದೆ ಫೆಬ್ರುವರಿ ತಿಂಗಳಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಅವಲಾಂಚಿಗೆ ಪ್ರವಾಸ ಕರೆದೊಯ್ದಿದ್ದೆವು. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ದಾರಿಯ ಒಂದು ಮಗ್ಗುಲಿಗೆ ಹುಲ್ಲಿನ ಇಳಿಜಾರು. ಅದರ ನಡುವೆ ಗಂಟುಗಂಟಾದ ಒಂದೇ ಒಂದು ಮರ, ಕೊಂಬೆಯ ತುದಿಗೆಲ್ಲ ನೆತ್ತರುಗೆಂಪಿನ ಹೂಗೊಂಚಲು. ಇನ್ನೊಂದು ಮಗ್ಗುಲಿಗೆ ಕಣಿವೆಯ ಮಡಿಲಲ್ಲಿ ಕವಿದುಕೊಂಡ ಕಾಡು. ಆ ಕಾಡಿನೊಳಗಿಂದ 'ಹೂ, ಹೂ' ಎಂದು ಗಂಭೀರವಾದ ಕೂಗು ಬರುತ್ತಿತ್ತು. ಮಸಿನಗುಡಿಯ ಕಡೆಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ಹುಡುಗನೊಬ್ಬ ಎರಡನ್ನೂ ನೋಡಿ, "ಸಾರ್, ಆ ಮರ ಯಾಕೆ ಕಾಡಿನೊಳಗೆ ಹೋಗಲಿಲ್ಲ? ಆ ಮುಸುವ ಯಾಕೆ ಹೊರಗೆ ಬರುವುದಿಲ್ಲ?" ಎಂದು ಕೇಳಿದ. ಶಾಲೆಗೆ ಹೋದ ಮೇಲೆ ಹೇಳುತ್ತೇವೆ ಎಂದು ಆ ಹೊತ್ತಿಗೆ ನುಣುಚಿಕೊಂಡೆವು. ಉಪಾಧ್ಯಾಯರಾದವರು ಆಡಿದ ಮಾತನ್ನು ನಡೆಸಬೇಕಷ್ಟೆ. ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇವೆ.

ಸ್ಥಳದ ಪರಿಚಯ

ಅವಲಾಂಚ್ ಉದಕಮಂಡಲದಿಂದ ಸುಮಾರು ೨೮ ಕಿಲೋಮೀಟರು ದೂರದಲ್ಲಿ, ಕುಂದಾ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ೨,೦೦೦ ಮೀಟರಿಗಿಂತ ಎತ್ತರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಬೆಟ್ಟದ ಒಂದು ಮಗ್ಗುಲು ಕುಸಿದು ಬಿತ್ತೆಂದೂ, ಆಂಗ್ಲರು ಅದನ್ನು ಕಂಡು ಈ ಹೆಸರಿಟ್ಟರೆಂದೂ ಹೇಳುತ್ತಾರೆ. ಈಗ ಕಾಣುವ ಕೆರೆ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯ. ಕೆನಡಾ ದೇಶದ ನೆರವಿನಿಂದ ೧೯೫೦-೬೦ರ ದಶಕಗಳಲ್ಲಿ ನಿರ್ಮಾಣವಾದ ಯೋಜನೆಯದು. ಮಳೆಯ ವಿಷಯದಲ್ಲಿ ಈ ಸ್ಥಳ ಸಾಮಾನ್ಯವಾದದ್ದಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಒಂದೇ ದಿನ ಇಲ್ಲಿ ೮೦ ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಡಿಸೆಂಬರ್, ಜನವರಿಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ಈ ಎತ್ತರದ ನೆಲಕ್ಕೆ ಎರಡು ಬಗೆಯ ಹೊದಿಕೆಯುಂಟು. ನೀರು ನಿಲ್ಲುವ ಕಣಿವೆಗಳಲ್ಲಿ ಗಿಡ್ಡಮರಗಳ ದಟ್ಟ ಕಾಡು; ಇದಕ್ಕೆ ಶೋಲವೆಂದು ಹೆಸರು. ತಮಿಳಿನ 'ಸೋಲೈ', ಅಂದರೆ ತೋಪು, ಎಂಬ ಮಾತೇ ಹೀಗಾಗಿದೆ. ಕಣಿವೆ ಬಿಟ್ಟು ಮೇಲೇರಿದರೆ ಬರಿಯ ಹುಲ್ಲು. ಕಾಡು ಮುಗಿಯುವ ಕಡೆ ಹುಲ್ಲು ಕತ್ತರಿಸಿ ಅಂಟಿಸಿದಂತೆ ಮೊದಲಾಗುತ್ತದೆ. ನಡುವೆ ಮೆಲ್ಲನೆ ಬದಲಾಗುವ ಎಡೆಯೇ ಇಲ್ಲ.

ಈ ವಿಚಿತ್ರಕ್ಕೆ ಕಾರಣವೇನೆಂಬುದನ್ನು ಅರಣ್ಯಾಧಿಕಾರಿ ಸಿ. ಆರ್. ರಂಗನಾಥನ್ ಅವರು ೧೯೩೮ರಲ್ಲಿ ವಿಚಾರ ಮಾಡಿದರು. ಬಯಲಿನಲ್ಲಿ ಬೀಳುವ ಹೆಪ್ಪಿಬ್ಬನಿ ಶೋಲದ ಮರಗಳ ಎಳೆಯ ಸಸಿಗಳನ್ನು ಸುಟ್ಟುಬಿಡುತ್ತದೆ. ಆದುದರಿಂದ ಕಾಡು ಕಣಿವೆಯನ್ನು ದಾಟಿ ಬರಲಾರದು ಎಂಬುದು ಅವರ ಅಭಿಪ್ರಾಯ. ಮನುಷ್ಯನು ಕಡಿದು ಸುಟ್ಟದ್ದರಿಂದಲೇ ಹುಲ್ಲುಗಾವಲಾಯಿತೆಂದು ವಾದಿಸಿದವರೂ ಇದ್ದರು. ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಗಳಲ್ಲಿ ಪದರಪದರವಾಗಿ ಕೊಳೆತು ನಿಂತ ಮಣ್ಣನ್ನು ಪರೀಕ್ಷಿಸಿ, ೧೯೯೩ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕಳೆದ ೨೦,೦೦೦ ವರ್ಷಗಳಲ್ಲಿ ಹವೆ ಬದಲಾದಂತೆ ಹುಲ್ಲಿನ ಪಾಲೂ ಕಾಡಿನ ಪಾಲೂ ಹೆಚ್ಚುಕಡಿಮೆಯಾಗುತ್ತ ಬಂದಿವೆಯೆಂದು ಅದರಿಂದ ತಿಳಿಯಿತು. ಹಾಗಾದರೆ ಈ ಹುಲ್ಲು ನಿನ್ನೆ ಮೊನ್ನೆಯದಲ್ಲ. ಕಾಡಿನಷ್ಟೇ ಹಳೆಯ ಒಕ್ಕಲು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹೆಸರುಗಳ ವಿಚಾರ

ಹುಲ್ಲಿನಲ್ಲಿ ಒಂಟಿಯಾಗಿ ನಿಂತಿದ್ದ ಆ ಮರಕ್ಕೆ ಬೆಟ್ಟದ ಕಡೆ 'ಬಿಲ್ಲಿ' ಎಂಬ ಹೆಸರುಂಟು. ತಮಿಳಿನಲ್ಲಿ ಕಾಟ್ಟುಪ್ಪೂವರಸು. ಶಾಸ್ತ್ರಜ್ಞರು ರೋಡೋಡೆಂಡ್ರಾನ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಗುಲಾಬಿಮರವೆಂದರ್ಥ. ೧೮೦೫ರಲ್ಲಿ ಸ್ಮಿತ್ ಎಂಬ ವಿದ್ವಾಂಸರು ಹಿಮಾಲಯದ ಮರಕ್ಕೆ ರೋಡೋಡೆಂಡ್ರಾನ್ ಆರ್ಬೋರಿಯಂ ಎಂದು ಹೆಸರಿಟ್ಟರು. ನಮ್ಮ ಮರವನ್ನು ಬಳಿಕ ಜೆಂಕರ್ ಎಂಬವರು 'ನೀಲಗಿರಿಕಂ' ಎಂದು ಬೇರೆ ಜಾತಿಯಾಗಿ ವರ್ಣಿಸಿದರು. ಈಗ ಅದನ್ನು ಹಿಮಾಲಯದ ಜಾತಿಯ ಒಂದು ಉಪಜಾತಿಯೆಂದು ಎಣಿಸುವುದು ವಾಡಿಕೆ.

ಕಾಡಿನೊಳಗಿಂದ ಕೂಗಿದ್ದು ನೀಲಗಿರಿಯ ಕರಿ ಮುಸುವ. ಕನ್ನಡಿಗರು ಕೋತಿಯನ್ನೂ ಮುಸುವವನ್ನೂ ಒಂದೆಂದು ತಿಳಿದವರಲ್ಲ. ಕೆನ್ನೆಯ ಚೀಲದಲ್ಲಿ ಕಡಲೆಕಾಯಿ ತುಂಬಿಕೊಳ್ಳುವುದು ಕೋತಿ; ಉದ್ದ ಬಾಲದ, ಎಲೆ ತಿನ್ನುವ ಜಾತಿ ಮುಸುವ. ೧೮೯೪ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ 'ಮುಸು', 'ಮುಸುವ' ಎಂಬ ಮಾತುಗಳಿವೆ. ತಮಿಳಿನಲ್ಲಿಯೂ ಈ ಪ್ರಾಣಿಗೆ 'ಮುಸು' ಎಂಬ ಹಳೆಯ ಹೆಸರಿದೆ. ಗಡಿಯ ಎರಡು ಕಡೆಯ ಭಾಷೆಗಳಿಗೂ ಇದು ಒಂದೇ ತಾಯಿಯಿಂದ ಬಂದ ಆಸ್ತಿಯೆನ್ನಬಹುದು. ಬೆಟ್ಟದ ಜನರು ಇದನ್ನು 'ಕೋಡನ್' ಎನ್ನುವರೆಂದು ಹಿಂದಿನ ಆಂಗ್ಲ ಪ್ರಾಣಿಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. ನಮ್ಮ 'ಕೋಡಗ'ವನ್ನು ಬಲ್ಲವರಿಗೆ ಆ ಮಾತಿನ ಅರ್ಥ ಹೇಳಬೇಕಾಗಿಲ್ಲ.

ಶಾಸ್ತ್ರದಲ್ಲಿ ಇದರ ಹೆಸರು ಸೆಮ್ನೊಪಿಥೆಕಸ್ ಜಾನಿಯೈ. ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಪಾದ್ರಿಯ ನೆನಪಿಗಾಗಿ ೧೮೨೯ರಲ್ಲಿ ಫಿಷರ್ ಇಟ್ಟ ಹೆಸರದು. ಮರಕ್ಕೆ ಬೆಟ್ಟದ ಹೆಸರು, ಮುಸುವಕ್ಕೆ ಕಡಲತೀರದ ಪಾದ್ರಿಯ ಹೆಸರು! ಮಸಿನಗುಡಿಯ ಹುಡುಗನು ತನ್ನೂರಿನಲ್ಲಿ ಕಂಡದ್ದು ಬೂದುಬಣ್ಣದ ಬೇರೆ ಮುಸುವ. ನಮ್ಮದು ಮೈಯೆಲ್ಲ ಮಿರುಗುವ ಕಪ್ಪು, ತಲೆಯ ಸುತ್ತ ಮಾತ್ರ ಹಳದಿಗಂದಿನ ಕೂದಲು. ಹುಟ್ಟಿದ ಮರಿ ಕೆಂಗಂದಾಗಿದ್ದು, ಕೆಲವು ವಾರಗಳಲ್ಲಿ ಕಪ್ಪಾಗುತ್ತದೆ.

ಬಂಧುಬಳಗ

ಇನ್ನು ಹೋಲಿಕೆಗೆ ಬರೋಣ. ಭೂಪಟವನ್ನು ಹರಡಿಕೊಂಡು ಬಿಲ್ಲಿ ಮರದ ಬಂಧುಗಳು ಎಲ್ಲೆಲ್ಲಿದ್ದಾರೆಂದು ಗುರುತು ಹಾಕಿದೆವು. ಒಂದು ಶಾಖೆ ಹಿಮಾಲಯದಲ್ಲಿ. ಉತ್ತರಾಖಂಡದವರು ಅದನ್ನು ಬುರಾಂಶ್ ಎಂದು ಕರೆದು ರಾಜ್ಯವೃಕ್ಷವಾಗಿಸಿಕೊಂಡಿದ್ದಾರೆ, ಅದರ ಹೂವಿನಿಂದ ಪಾನಕ ಮಾಡುತ್ತಾರೆ. ನೇಪಾಳಕ್ಕೆ ಅದೇ ರಾಷ್ಟ್ರಪುಷ್ಪ. ಇನ್ನೊಂದು ಶಾಖೆ ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳಲ್ಲಿ. ಮೂರನೆಯದು ಸಿಂಹಳದ ಹೋರ್ಟನ್ ಬಯಲು ಮೊದಲಾದ ಎತ್ತರದ ತಾಣಗಳಲ್ಲಿ. ನಡುವಣ ಬಯಲುಸೀಮೆಯಲ್ಲಿ ಒಂದು ಗಿಡವೂ ಇಲ್ಲ.

ಅದೇ ಭೂಪಟದ ಮೇಲೆ ಮುಸುವದ ಬಂಧುಗಳನ್ನು ಗುರುತಿಸಿದೆವು. ಹಿಮಾಲಯದಲ್ಲಿ ದೊಡ್ಡ ಮೈಯ ಬೂದುಮುಸುವ. ನಮ್ಮ ಬೆಟ್ಟಗಳಲ್ಲಿ ಕರಿ ಮುಸುವ. ಸಿಂಹಳದಲ್ಲಿ ನೇರಳೆಮೋರೆಯ ಮುಸುವ. ಹೋರ್ಟನ್ ಬಯಲಿನಲ್ಲಿ ಮರವೂ ಉಂಟು, ಮುಸುವವೂ ಉಂಟು. ಎರಡು ಗುರುತುಗಳೂ ಒಂದರ ಮೇಲೊಂದು ಬಿದ್ದದ್ದನ್ನು ಕಂಡು ನಮಗೆ ಬಹಳ ಹಿಗ್ಗಾಯಿತು. ಎರಡೂ ಒಂದೇ ದಾರಿಯಲ್ಲಿ, ಒಂದೇ ಕಾಲದಲ್ಲಿ ಬಂದವೆಂದು ಕರಿಹಲಗೆಯ ಮೇಲೆ ಬರೆಯಲು ಸುಣ್ಣದಕಡ್ಡಿಯನ್ನು ಕೈಗೆತ್ತಿಕೊಂಡಿದ್ದೆವು. ಬರೆಯದೆ ಹೋದದ್ದು ಒಳ್ಳೆಯದಾಯಿತು.

ಮರದ ಮಟ್ಟಿಗೆ ಆ ಮಾತು ಬಹುಶಃ ನಿಜ. ಭೂಮಿಯ ಹವೆ ಈಗಿಗಿಂತ ತಂಪಾಗಿದ್ದ ಯುಗಗಳಲ್ಲಿ ಚಳಿನಾಡಿನ ಗಿಡಗಳು ತೆಂಕಣ ಬೆಟ್ಟಗಳವರೆಗೂ ಇಳಿದು ಬಂದವು; ಮತ್ತೆ ಸೆಕೆ ಏರಿದಾಗ ಬಯಲಿನಲ್ಲಿದ್ದವು ಅಳಿದು, ಬೆಟ್ಟದ ನೆತ್ತಿಯಲ್ಲಿದ್ದವು ಉಳಿದುಕೊಂಡವು ಎಂದು ಹಲವರ ಅಭಿಪ್ರಾಯ. ಸುಂದರಲಾಲ್ ಹೋರಾ ಅವರು ೧೯೪೦ರ ದಶಕದಲ್ಲಿ ಮೀನುಗಳ ವಿಷಯವಾಗಿ, ವಿಂಧ್ಯ-ಸಾತ್ಪುರಗಳ ಸಾಲು ಸೇತುವೆಯಾಗಿತ್ತೆಂದು ವಾದಿಸಿದ್ದರು. ಈ ಮರದ ಬೀಜ ಧೂಳಿನಷ್ಟು ನುಣ್ಣಗಿರುವುದರಿಂದ ಗಾಳಿಯೇ ಹೊತ್ತು ತಂದಿರಬಹುದೆಂದು ಹೇಳಲೂ ಎಡೆಯಿದೆ. ಹೇಗೆ ಬಂದಿದ್ದರೂ ಇದು ಬಡಗಣಿಂದ ಬಂದ ಒಕ್ಕಲು. ಬಡಗು ಎಂದರೆ ಉತ್ತರ. ಮೈಸೂರು ಸೀಮೆಯಿಂದ ಬಂದು ನೆಲೆಸಿದ ಕಾರಣ ಬಡಗರಿಗೆ ಆ ಹೆಸರಾಯಿತಷ್ಟೆ. ಹಾಗೆ ನೋಡಿದರೆ ಬಿಲ್ಲಿಯೂ ಒಂದು ಬಡಗಮರ.

ಮುಸುವದ ಕಥೆ ಬೇರೆ. ಬಹಳ ಕಾಲ ಪಂಡಿತರು ಇದನ್ನು ಬರ್ಮಾ, ಮಲಯ ದೇಶಗಳ ಎಲೆಮುಸುವಗಳ ಕುಲಕ್ಕೆ ಸೇರಿಸಿದ್ದರು. ಕಪ್ಪುಮೈ ಮುಂತಾದ ಲಕ್ಷಣಗಳು ಅವರನ್ನು ಹಾಗೆ ಎಣಿಸುವಂತೆ ಮಾಡಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತರೂ ಸಂಗಡಿಗರೂ ೨೦೦೮ರಲ್ಲಿ ಪ್ರಕಟಿಸಿದ ವಂಶಾಣುಗಳ ಪರೀಕ್ಷೆಯಿಂದ, ಕರಿ ಮುಸುವವೂ ಸಿಂಹಳದ ನೇರಳೆಮೋರೆಯೂ ನಮ್ಮ ಊರೂರಿನ ಬೂದುಮುಸುವಕ್ಕೇ ಹತ್ತಿರದ ದಾಯಾದಿಗಳೆಂದು ತಿಳಿದುಬಂತು. ಹೊರನಾಡಿನದೆಂದು ಎಣಿಸಿದ್ದ ಪ್ರಾಣಿ ಮನೆಯ ಮಗುವಾಯಿತು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮರವು ಚಳಿಯ ಎತ್ತರವನ್ನು ಬಿಟ್ಟು ಕೆಳಗಿಳಿಯದು. ಮುಸುವವಾದರೋ ಕೊಡಗಿನಿಂದ ಕನ್ಯಾಕುಮಾರಿಯ ಕಡೆಯವರೆಗೆ, ೩೦೦ ಮೀಟರು ಎತ್ತರದ ಬೆಚ್ಚನೆಯ ಕಾಡುಗಳಲ್ಲಿಯೂ ಬಾಳುತ್ತದೆ. ಅದಕ್ಕೆ ಬೇಕಾದದ್ದು ಚಳಿಯಲ್ಲ, ಕಾಡು. ಭೂಪಟದ ಮೇಲೆ ಎರಡು ಗುರುತು ಒಂದೇ ಕಡೆ ಬಿದ್ದ ಮಾತ್ರಕ್ಕೆ ಎರಡು ಚರಿತ್ರೆಗಳು ಒಂದೇ ಆಗವು. ಹೋಲಿಕೆಯೆಂಬುದು ಸಾಮ್ಯವನ್ನು ಕಾಣುವುದಕ್ಕಾಗಿ ಮೊದಲಾಗಿ, ಭೇದವನ್ನು ಕಾಣುವಲ್ಲಿ ಪೂರ್ಣವಾಗುತ್ತದೆ.

ಬಾಳುವೆಯ ರೀತಿ

ಹುಡುಗನ ಪ್ರಶ್ನೆಗೆ ಉತ್ತರ ಈ ಭೇದದಲ್ಲಿಯೇ ಇದೆ. ಬಿಲ್ಲಿ ಮರದ ತೊಗಟೆ ಬಹು ದಪ್ಪ, ಬಿರುಕು ಬಿರುಕು. ಹುಲ್ಲಿಗೆ ಬೆಂಕಿ ಬಿದ್ದಾಗ ಒಳಗಿನ ಜೀವವನ್ನು ಕಂಬಳಿಯಂತೆ ಕಾಯುತ್ತದೆ. ಎಲೆ ತೊಗಲಿನಷ್ಟು ಗಟ್ಟಿ. ಅಡಿಯಲ್ಲಿ ಕಂದುಬಣ್ಣದ ನವಿರು. ಈ ಕುಲದ ಗಿಡಗಳ ಎಲೆಯಲ್ಲಿ ದನಕರುಗಳಿಗೆ ನಂಜಾಗುವ ಅಂಶವೂ ಉಂಟು. ಶೋಲದ ಇತರ ಸಸಿಗಳು ಚಳಿಗೆ ಸುಟ್ಟುಹೋಗುವ ಬಯಲಿನಲ್ಲಿ ಇದು ನಿಲ್ಲಬಲ್ಲದು. ಅದಕ್ಕೇ ಇದು ಕಾಡಿನ ಅಂಚಿನಲ್ಲಿ, ಇಲ್ಲವೆ ಹುಲ್ಲಿನ ನಡುವೆ ಒಂಟಿಯಾಗಿ ಕಾಣುವುದು. ಅದಕ್ಕೆ ಬೇಕಾದದ್ದು ಬಿಸಿಲು.

ಮುಸುವದ ಜಾಣತನವೆಲ್ಲ ಹೊಟ್ಟೆಯಲ್ಲಿದೆ. ಎಲೆಯನ್ನು ಅರಗಿಸುವುದು ಸುಲಭವಲ್ಲ. ಮನುಷ್ಯನು ಹೊಟ್ಟೆತುಂಬ ಮರದೆಲೆ ತಿಂದರೆ ಹಾಸಿಗೆ ಹಿಡಿಯಬೇಕಾದೀತು. ಮುಸುವದ ಹೊಟ್ಟೆಯಲ್ಲಿ ಹಸುವಿನ ಹೊಟ್ಟೆಯಂತೆ ಅರೆಗಳಿದ್ದು, ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಯಿಸಿ ಅದರ ನಂಜನ್ನು ಬಹುಮಟ್ಟಿಗೆ ಕಳೆಯುತ್ತವೆ. ಆದರೆ ಹಸುವಿನ ಹಾಗೆ ಅದು ಮೆಲುಕು ಹಾಕುವುದಿಲ್ಲ. ಮರವು ನಂಜನ್ನು ಕೂಡಿಸಿ ತನ್ನನ್ನು ಕಾದುಕೊಂಡರೆ, ಮುಸುವವು ನಂಜನ್ನು ಕಳೆದು ಬದುಕುತ್ತದೆ. ಆದರೂ ಒಂದೇ ಮರದ ಎಲೆಯನ್ನು ದಿನವೂ ತಿಂದು ಅದಕ್ಕೆ ಸಾಗದು. ಚಿಗುರು, ಹೂ, ಕಾಯಿ, ಹಲವು ಮರಗಳ ಎಲೆ ಬೇಕು. ಓಡಾಡಲು ಕೊಂಬೆಗೆ ಕೊಂಬೆ ತಾಕಿದ ಚಪ್ಪರ ಬೇಕು. ಹೆಚ್ಚಾಗಿ ಒಂದು ದೊಡ್ಡ ಗಂಡು, ಕೆಲವು ಹೆಣ್ಣು, ಮರಿಗಳು ಸೇರಿ ಒಂದು ಸಂಸಾರ. ಬೆಳಗಿನಲ್ಲಿ ನಾವು ಕೇಳಿದ ಕೂಗು 'ಈ ಕಾಡು ನಮ್ಮದು' ಎಂದು ಆ ಯಜಮಾನನು ನೆರೆಯವರಿಗೆ ಕಳಿಸಿದ ತಿಳಿವಳಿಕೆ.

ಮರವು ಕಾಡಿನೊಳಗೆ ಹೋಗದಿರುವುದು ಬಿಸಿಲಿಗಾಗಿ. ಮುಸುವವು ಹೊರಗೆ ಬರದಿರುವುದು ಎಲೆಗಾಗಿ ಮತ್ತು ಚಪ್ಪರಕ್ಕಾಗಿ. ಒಂದು ಹುಲ್ಲುನೆಲದ ಒಕ್ಕಲು, ಇನ್ನೊಂದು ಕಾಡಿನ ಒಕ್ಕಲು. ಇಷ್ಟೇ ಉತ್ತರ.

ಸೀಗೆಮರದ ನೆರಳು

ಇಷ್ಟಕ್ಕೇ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಹೇಳಲೇಬೇಕಾದ ನಮ್ಮ ತಪ್ಪೊಂದು ಉಳಿದಿದೆ.

ನಾವು ಈ ವೃತ್ತಿಗೆ ಸೇರಿದ ಹೊಸತು. ೧೯೫೦ರಲ್ಲಿ ದೇಶದಲ್ಲಿ ಮೊದಲಾದ ವನಮಹೋತ್ಸವವನ್ನು ಎಲ್ಲ ಶಾಲೆಗಳಂತೆ ನಾವಿದ್ದ ಶಾಲೆಯಲ್ಲಿಯೂ ವರ್ಷ ವರ್ಷ ಆಚರಿಸುತ್ತಿದ್ದರು. ಊರ ಹಿಂದೆ ಒಂದು ಹುಲ್ಲುಗುಡ್ಡವಿತ್ತು. ಅದರ ಮೇಲೆ ಎರಡು ಬಿಲ್ಲಿ ಮರಗಳು. ಗುಡ್ಡ ಬೋಳಾಗಿದೆ, ಅದಕ್ಕೆ ಹಸಿರು ಉಡಿಸೋಣ ಎಂದು ಮಕ್ಕಳಿಗೆ ಭಾಷಣ ಮಾಡಿ, ಅವರ ಕೈಯಿಂದಲೇ ಸಾಲುಸಾಲಾಗಿ ಸೀಗೆಸಸಿ ನೆಡಿಸಿದೆವು. ಇಲ್ಲಿನವರು ಸೀಗೆಮರವೆನ್ನುವುದು ಆಸ್ಟ್ರೇಲಿಯದ ವ್ಯಾಟಲ್ ಮರವನ್ನು. ನಮ್ಮ ಸೀಗೆಕಾಯಿಯ ಬಳ್ಳಿಯದರಂತೆ ನವುರಾದ ಎಲೆಯಿರುವುದರಿಂದ ಆ ಹೆಸರು. ಆಂಗ್ಲರ ಕಾಲದಲ್ಲಿ ಸೌದೆಗಾಗಿ ಬಂದ ಈ ಮರಗಳನ್ನು, ತೊಗಲು ಹದಮಾಡುವ ತೊಗಟೆಗಾಗಿ ಸ್ವಾತಂತ್ರ್ಯಾನಂತರ ಬೆಟ್ಟಬೆಟ್ಟಗಳಲ್ಲಿ ನೆಡಲಾಯಿತು. ಅದರ ಬೀಜ ಮಣ್ಣಿನಲ್ಲಿ ಹಲವು ದಶಕ ಸಾಯದೆ ಕಾದಿರುತ್ತದೆ. ಬೆಂಕಿ ಬಿದ್ದರೆ ಇನ್ನೂ ಹುರುಪಿನಿಂದ ಮೊಳೆಯುತ್ತದೆ.

ಮಸಿನಗುಡಿಯ ಹುಡುಗನ ಪ್ರಶ್ನೆಯ ನೆಪದಲ್ಲಿ, ಹಲವು ವರ್ಷಗಳ ಮೇಲೆ ಆ ಗುಡ್ಡವನ್ನು ನೋಡಹೋದೆವು. ಹುಲ್ಲು ಇರಲಿಲ್ಲ. ಸೀಗೆಮರಗಳು ಒತ್ತೊತ್ತಾಗಿ ಬೆಳೆದು ನೆಲಕ್ಕೆ ಬಿಸಿಲು ಬೀಳದಂತೆ ಮಾಡಿದ್ದವು. ಹುಡುಕಿದ ಮೇಲೆ ಒಂದು ಬಿಲ್ಲಿ ಮರ ಸಿಕ್ಕಿತು. ಬೆಳಕಿಗಾಗಿ ಒಂದೇ ಕಡೆ ವಾಲಿ, ಅರ್ಧ ಒಣಗಿ ನಿಂತಿತ್ತು. ಫೆಬ್ರುವರಿಯಾದರೂ ಅದರಲ್ಲಿ ಒಂದು ಹೂವಿರಲಿಲ್ಲ. ಇನ್ನೊಂದರ ಬೊಡ್ಡೆ ಮಾತ್ರ ಇತ್ತು. ಹೆಪ್ಪಿಬ್ಬನಿ, ಬೆಂಕಿ, ಗಾಳಿ, ದನಗಳ ಬಾಯಿ ಇವಕ್ಕೆಲ್ಲ ಜಗ್ಗದ ಮರ, ನಾವು ಪ್ರೀತಿಯಿಂದ ನೆಟ್ಟ ಮರದ ನೆರಳಿಗೆ ಸೋತಿತ್ತು.

ಇಲ್ಲಿಯೂ ಹೋಲಿಕೆ ಒಂದು ಪಾಠ ಹೇಳುತ್ತದೆ. ಬಿಲ್ಲಿ ಗಟ್ಟಿ, ಮುಸುವ ಸುಕುಮಾರ ಎಂದು ನಾವು ತಿಳಿದಿದ್ದೆವು. ೧೯೬೦ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಪೊಯಿರಿಯರ್ ಅವರು ನೀಲಗಿರಿಯಲ್ಲಿ ಕರಿ ಮುಸುವಗಳ ಹಿಂದೆಯೇ ಅಲೆದು ಅವುಗಳ ನಡೆನುಡಿಯನ್ನು ಬರೆದಿಟ್ಟರು. ಶೋಲ ಕುಗ್ಗಿದ ಕಡೆ ಅವು ಸೀಗೆಯ ತೋಪುಗಳನ್ನೂ ಬಳಸಿಕೊಳ್ಳುವುದನ್ನು ಅವರು ಕಂಡರು. ಸೀಗೆಯ ನೆರಳಿನಲ್ಲಿ ಕೆಲವೆಡೆ ಶೋಲದ ಸಸಿಗಳು ಮೊಳೆತಿರುವುದೂ ನಿಜ. ಮುಸುವಕ್ಕೆ ಕಾಲಿದೆ; ಒಂದು ಕಾಡು ಹೋದರೆ ಇನ್ನೊಂದನ್ನು ಅರಸುತ್ತದೆ. ಬಿಲ್ಲಿಗೆ ಕಾಲಿಲ್ಲ, ನೆರಳು ತಾನಿದ್ದಲ್ಲಿಗೇ ಬಂದರೆ ಎಲ್ಲಿಗೆ ಹೋದೀತು? ಹಾಗೆಂದು ಮುಸುವ ಸುಖವಾಗಿದೆಯೆಂದಲ್ಲ. ಅದರ ಮಾಂಸ ಔಷಧವೆಂಬ ಮೂಢನಂಬಿಕೆಯಿಂದಲೂ ತುಪ್ಪಳದ ಆಸೆಯಿಂದಲೂ ಎಷ್ಟೋ ಮುಸುವಗಳನ್ನು ಕೊಂದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷೆಯಾಗಿದೆ. ಒಂದೇ ಬಗೆಯ ಮರದ ತೋಪು ಅದಕ್ಕೆ ಬಿಡಾರವಾದೀತು, ಮನೆಯಾಗದು.

ನಮ್ಮ ತಪ್ಪಿನ ಮೂಲ ಒಂದು ಮಾತಿನಲ್ಲಿತ್ತು. ಮರವಿಲ್ಲದ ನೆಲವನ್ನು 'ಬೋಳು' ಎಂದೆವು. ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ ಹುಲ್ಲಿದ್ದ ಬೆಟ್ಟವನ್ನು ಪಾಳುಭೂಮಿಯೆಂದು ಮಕ್ಕಳಿಗೆ ಕಲಿಸಿದೆವು. ಮಳೆಯ ನೀರನ್ನು ಹಿಡಿದು ಮೆಲ್ಲಗೆ ಬಿಟ್ಟು, ಕುಂದಾ ಹೊಳೆಯನ್ನು ಬೇಸಗೆಯಲ್ಲಿಯೂ ಬತ್ತದಂತೆ ಕಾಯುವ ಕೆಲಸದಲ್ಲಿ ಆ ಹುಲ್ಲೂ ಶೋಲವೂ ಜೊತೆಗಾರರೆಂಬುದನ್ನು ಮರೆತೆವು. ಕಾಡನ್ನು ಮಾತ್ರ ಉಳಿಸಿದರೆ ಮುಸುವ ಉಳಿದೀತು, ಬಿಲ್ಲಿ ಹೋದೀತು. ಹುಲ್ಲನ್ನು ಮಾತ್ರ ಉಳಿಸಿದರೆ ಬಿಲ್ಲಿ ಇದ್ದೀತು, ಬೆಳಗಿನ ಕೂಗು ನಿಂತೀತು. ಈ ಎರಡು ಜೀವಿಗಳನ್ನು ಜೊತೆಯಲ್ಲಿಟ್ಟು ನೋಡಿದಲ್ಲದೆ ಈ ಮಾತು ನಮಗೆ ಹೊಳೆಯುತ್ತಿರಲಿಲ್ಲ.

ಉಪಾಧ್ಯಾಯ ಬಂಧುಗಳಿಗೆ

ತಮಿಳುನಾಡು ಸರ್ಕಾರವು ೨೦೨೨ರಲ್ಲಿ ಆಕ್ರಮಣಕಾರಿ ಸಸ್ಯಗಳ ವಿಷಯವಾಗಿ ಒಂದು ನೀತಿಯನ್ನು ಹೊರಡಿಸಿದೆ. ಎಲ್ಲಿ ಸೀಗೆಯನ್ನು ತೆಗೆಯಬೇಕು, ಎಲ್ಲಿ ಶೋಲದ ಸಸಿಗಳು ಬೆಳೆಯುವ ತನಕ ಬಿಟ್ಟಿರಬೇಕು ಎಂಬುದು ಬಲ್ಲವರು ನಿರ್ಣಯಿಸತಕ್ಕ ವಿಷಯ. ನಮ್ಮ ಕೆಲಸ ತರಗತಿಯಲ್ಲಿದೆ. ಪಠ್ಯಪುಸ್ತಕದಲ್ಲಿ ಸಸ್ಯಶಾಸ್ತ್ರ ಒಂದು ಕಡೆ, ಪ್ರಾಣಿಶಾಸ್ತ್ರ ಇನ್ನೊಂದು ಕಡೆ, ಭೂಗೋಳ ಬೇರೆ ಪುಸ್ತಕದಲ್ಲಿ, ಭಾಷೆ ಮತ್ತೊಬ್ಬ ಉಪಾಧ್ಯಾಯರ ಪಾಲಿಗೆ. ಬೆಟ್ಟದ ಮೇಲೆ ಇವು ಬೇರೆಬೇರೆ ಇಲ್ಲ. ಒಂದು ಮರವನ್ನೂ ಒಂದು ಪ್ರಾಣಿಯನ್ನೂ ಆರಿಸಿ, ಹೆಸರೇನು, ಬಂಧುಗಳೆಲ್ಲಿ, ಏನು ತಿನ್ನುತ್ತದೆ ಇಲ್ಲವೆ ಏನನ್ನು ತಡೆಯುತ್ತದೆ, ಯಾವುದಕ್ಕೆ ಸೋಲುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮಕ್ಕಳ ಮುಂದಿಡಿರಿ. ಅವರು ಮನೆಯಲ್ಲಿ ಅಜ್ಜಿಯನ್ನು ಕೇಳಿ ಕನ್ನಡ, ಬಡಗ, ತಮಿಳು, ಮಲಯಾಳದ ಹೆಸರುಗಳನ್ನು ತರುವರು. ಗಡಿನಾಡಿನ ಶಾಲೆಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದ್ದೀತು?

ಈಗ ವರ್ಷಕ್ಕೊಮ್ಮೆ, ಅರಣ್ಯ ಇಲಾಖೆಯವರ ಅನುಮತಿ ಪಡೆದು, ಅವರು ತೋರಿಸಿದ ಒಂದು ಇಳಿಜಾರಿನಲ್ಲಿ ನಮ್ಮ ಮಕ್ಕಳು ಎಳೆಯ ಸೀಗೆಸಸಿಗಳನ್ನು ಕಿತ್ತುಹಾಕುತ್ತಾರೆ. ಹೋದ ಸಲ ಒಬ್ಬ ಹುಡುಗಿ, "ಸಾರ್, ಗಿಡ ನೆಡುವುದು ಪುಣ್ಯವೆಂದು ಪುಸ್ತಕದಲ್ಲಿದೆ, ನೀವು ಕೀಳಿಸುತ್ತೀರಲ್ಲ?" ಎಂದಳು. ಯಾವ ಗಿಡ, ಯಾವ ನೆಲ ಎಂದು ಕೇಳಿ ನೆಟ್ಟರೆ ಪುಣ್ಯ, ಕೇಳದೆ ನೆಟ್ಟವರು ನಾವು ಎಂದು ಹೇಳಿ, ಆ ಗುಡ್ಡದ ಕಥೆಯನ್ನು ಅವಳಿಗೂ ಹೇಳಿದೆವು. ಸಂಜೆ ಬಸ್ಸು ಹತ್ತುವ ಮೊದಲು ಅವಳು ಕಿತ್ತ ಸಸಿಗಳನ್ನು ಎಣಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಾವು ಹಿಂದೆ ನೆಡಿಸಿದ ಲೆಕ್ಕಕ್ಕೆ ಅದು ಇನ್ನೂ ಬಹಳ ಕಡಿಮೆ.